ಮೇಳವೂ ವಾದ್ಯವೃಂದವೂ: ಒಂದು ಧ್ವನಿಮುದ್ರಿಕೆಯ ಚರಿತ್ರೆ

ರೇಡಿಯೋ ಹಾಕಿಕೊಂಡು ಹಾಡು ಕೇಳುತ್ತ ಕುಳಿತಿರುವಾಗ, ಹಾಡುಗಾರನ ದನಿಯ ಹಿಂದಿನಿಂದ ಪಿಟೀಲುಗಳ ನಾದವು ತೆರೆಯಂತೆ ಎದ್ದು ಬರುವುದನ್ನು ನೀವು ಎಷ್ಟೋ ಸಲ ಕೇಳಿದ್ದೀರಿ. ಆ ನಾದವನ್ನು ನುಡಿಸುತ್ತಿರುವವರು ಎಷ್ಟು ಮಂದಿ ಇರಬಹುದು? ಹತ್ತು ಮಂದಿಯೆ, ಇಪ್ಪತ್ತೆ, ಐವತ್ತೆ? ಕಣ್ಣಿಗೆ ಏನೂ ಕಾಣದಿರುವಾಗ ಕಿವಿ ಹೇಳಿದ್ದೇ ಲೆಕ್ಕ. ಆದರೆ ಕಿವಿಯ ಲೆಕ್ಕವೂ ಒಮ್ಮೊಮ್ಮೆ ತಪ್ಪುವುದುಂಟು. ಅಂತಹ ಒಂದು ತಪ್ಪು ಲೆಕ್ಕದ ಚರಿತ್ರೆಯನ್ನು ಇಲ್ಲಿ ನಿಮ್ಮ ಮುಂದಿಡಬೇಕೆಂದು ನನ್ನ ಆಸೆ.

1967ರ ನವೆಂಬರ್ ತಿಂಗಳಲ್ಲಿ ಲಂಡನ್ನಿನಿಂದ ‘ಡೇಸ್ ಆಫ್ ಫ್ಯೂಚರ್ ಪಾಸ್ಡ್’ ಎಂಬ ದೀರ್ಘಾವಧಿಯ ಧ್ವನಿಮುದ್ರಿಕೆಯೊಂದು ಹೊರಬಂದಿತು. ‘ಸಂದುಹೋದ ಭವಿಷ್ಯದ ದಿನಗಳು’ ಎಂದು ಆ ಹೆಸರಿಗೆ ಅರ್ಥ ಹೇಳಬಹುದು. ಹಾಡಿದವರು ‘ಮೂಡಿ ಬ್ಲೂಸ್’ ಎಂಬ ಐವರ ಮೇಳ. ಜೊತೆಗೆ ‘ಲಂಡನ್ ಫೆಸ್ಟಿವಲ್ ಆರ್ಕೆಸ್ಟ್ರಾ’ ಎಂಬ ವಾದ್ಯವೃಂದ. ಗಿಟಾರು, ಡ್ರಮ್ಮುಗಳ ರಾಕ್ ಸಂಗೀತವನ್ನೂ ಶಾಸ್ತ್ರೀಯ ವಾದ್ಯವೃಂದವನ್ನೂ ಒಂದುಗೂಡಿಸಿದ ಮೊದಮೊದಲ ಕೃತಿಗಳಲ್ಲಿ ಇದೂ ಒಂದೆಂದು ಸಂಗೀತದ ಚರಿತ್ರೆಗಳು ಬರೆಯುತ್ತವೆ. ಆ ಮಾತು ಸುಳ್ಳಲ್ಲ. ಆದರೆ ಅವೆರಡೂ ಕೂಡಿದ್ದು ಎಲ್ಲಿ, ಹೇಗೆ ಎಂದು ವಿಚಾರಿಸಹೊರಟರೆ, ನಾವು ನಿರೀಕ್ಷಿಸಿದ್ದಕ್ಕಿಂತ ಬೇರೆಯೇ ಒಂದು ಸಂಗತಿ ಹೊರಬೀಳುತ್ತದೆ.

ಮೊದಲು ಆ ಕಾಲವನ್ನು ಸ್ವಲ್ಪ ನೋಡೋಣ. ಹಾಡಿನ ಮೇಳದವರು ವಾದ್ಯವೃಂದದ ನೆರವು ಪಡೆಯುವುದು ಅಂದಿಗೆ ಹೊಸದಲ್ಲ. 1965ರಲ್ಲಿ ಬೀಟಲ್ಸ್ ಮೇಳದವರು ‘ಯೆಸ್ಟರ್‌ಡೇ’ ಎಂಬ ಹಾಡಿಗೆ ನಾಲ್ಕು ತಂತಿವಾದ್ಯಗಳನ್ನು ಸೇರಿಸಿಕೊಂಡಿದ್ದರು. 1967ರ ಫೆಬ್ರವರಿಯಲ್ಲಿ ‘ಎ ಡೇ ಇನ್ ದಿ ಲೈಫ್’ ಎಂಬ ಹಾಡಿಗಾಗಿ 40 ಮಂದಿ ವಾದಕರನ್ನೇ ಕರೆಸಿದ್ದರು. ಆದರೆ ಅಲ್ಲೆಲ್ಲ ವಾದ್ಯವೃಂದವು ಹಾಡಿನ ಮನೆಗೆ ಬಂದ ಅತಿಥಿ. ಬಂದು, ತನ್ನ ಪಾಲಿನದನ್ನು ನುಡಿಸಿ, ಹೊರಟುಹೋಗುತ್ತಿತ್ತು. ಒಂದು ತಟ್ಟೆಯ ಎರಡು ಮಗ್ಗುಲಲ್ಲೂ, ಮೊದಲಿನಿಂದ ಕಡೆಯವರೆಗೆ, ಮೇಳಕ್ಕೆ ಸರಿಸಮನಾಗಿ ವಾದ್ಯವೃಂದವನ್ನು ಕೂರಿಸಿ, ಎರಡಕ್ಕೂ ಒಂದೇ ಕಥೆಯನ್ನು ಒಪ್ಪಿಸುವುದು ಬೇರೆ ಮಾತು.

ಹಾಗೆ ಮಾಡಿದವರು ಯಾರು? ಆ ವೇಳೆಗೆ ಅರ್ಧ ಮರೆತುಹೋಗಿದ್ದ ಒಂದು ಮೇಳ. ಮೂಡಿ ಬ್ಲೂಸ್ ಹುಟ್ಟಿದ್ದು 1964ರಲ್ಲಿ, ಇಂಗ್ಲೆಂಡಿನ ಕಾರ್ಖಾನೆಗಳ ಊರಾದ ಬರ್ಮಿಂಗ್‌ಹ್ಯಾಮಿನಲ್ಲಿ. ಅಮೆರಿಕದ ನೀಗ್ರೋ ಗಾಯಕರ ‘ರಿದಮ್ ಅಂಡ್ ಬ್ಲೂಸ್’ ಶೈಲಿಯ ಹಾಡುಗಳನ್ನು ಅವರು ಹಾಡುತ್ತಿದ್ದರು. ‘ಗೋ ನೌ’ ಎಂಬ ಅವರ ಹಾಡು 1965ರ ಜನವರಿಯಲ್ಲಿ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೇರಿತು. ಆಮೇಲೆ ಬಂದ ತಟ್ಟೆಗಳು ಆ ಎತ್ತರವನ್ನು ಮುಟ್ಟಲಿಲ್ಲ. 1966ರಲ್ಲಿ ಮುಖ್ಯ ಗಾಯಕ ಡೆನ್ನಿ ಲೇನ್ ಮೇಳವನ್ನು ಬಿಟ್ಟರು. ಕ್ಲಿಂಟ್ ವಾರ್ವಿಕ್ ಎಂಬ ವಾದಕರೂ ಬಿಟ್ಟರು. ಅವರ ಜಾಗಕ್ಕೆ ಜಸ್ಟಿನ್ ಹೇವರ್ಡ್, ಜಾನ್ ಲಾಡ್ಜ್ ಎಂಬ ಇಬ್ಬರು ತರುಣರು ಬಂದರು. ಮೊದಲಿನಿಂದ ಇದ್ದ ಮೈಕ್ ಪಿಂಡರ್, ರೇ ಥಾಮಸ್, ಗ್ರೇಮ್ ಎಡ್ಜ್ ಉಳಿದ ಮೂವರು.

ಹೊಸಬರು ಬಂದರೂ ಹಾಡುಗಳು ಹಳೆಯವೇ, ತೊಡುತ್ತಿದ್ದ ನೀಲಿ ಸೂಟುಗಳೂ ಹಳೆಯವೇ. ಉತ್ತರ ಇಂಗ್ಲೆಂಡಿನ ಒಂದು ಕ್ಲಬ್ಬಿನಲ್ಲಿ ಹಾಡಿ ಮುಗಿಸಿದ ರಾತ್ರಿ, ಹಣ ಕೊಟ್ಟು ಕೇಳಲು ಬಂದಿದ್ದವನೊಬ್ಬ ಒಳಗೆ ಬಂದು ಮುಖಕ್ಕೆ ಹೊಡೆದಂತೆ ನಿಂದಿಸಿದನೆಂದು ಮೇಳದವರೇ ಮುಂದೆ ಹೇಳಿಕೊಂಡಿದ್ದಾರೆ. ಆತನ ಮಾತು ನಿಜವೆಂದು ಅವರಿಗೆ ಹೊಳೆಯಿತಂತೆ. ಅಲ್ಲಿಂದ ಮುಂದೆ ನೀಲಿ ಸೂಟು ಹೋಯಿತು, ಪರರ ಹಾಡು ಹೋಯಿತು. ಹಾಡಿದರೆ ತಾವೇ ಬರೆದದ್ದನ್ನು ಹಾಡುವುದೆಂದು ನಿರ್ಧರಿಸಿದರು.

ಈಗ, ಆಗಲೇ ಸೂಚಿಸಿದ ತಪ್ಪು ಲೆಕ್ಕದ ಮೂಲಕ್ಕೆ ಬರೋಣ. ಬರ್ಮಿಂಗ್‌ಹ್ಯಾಮಿನ ಬಳಿ ಸ್ಟ್ರೀಟ್ಲಿ ಎಂಬಲ್ಲಿ ‘ಮೆಲೊಟ್ರಾನ್’ ಎಂಬ ವಾದ್ಯವನ್ನು ತಯಾರಿಸುವ ಒಂದು ಸಣ್ಣ ಕಾರ್ಖಾನೆಯಿತ್ತು. ಅಮೆರಿಕದ ಹ್ಯಾರಿ ಛೇಂಬರ್ಲಿನ್ ಎಂಬಾತ ರಚಿಸಿದ್ದ ವಾದ್ಯವೊಂದರ ಮಾದರಿಯ ಮೇಲೆ ಅದನ್ನು ಕಟ್ಟುತ್ತಿದ್ದರು. ನೋಡುವುದಕ್ಕೆ ಅದು ಅಕ್ಕಪಕ್ಕದಲ್ಲಿ ಎರಡು ಹಾರ್ಮೋನಿಯಮ್ಮಿನ ಮನೆಗಳಿರುವ ದೊಡ್ಡ ಮರದ ಪೆಟ್ಟಿಗೆ. ಒಂದೊಂದು ಸಾಲಿನಲ್ಲಿಯೂ 35 ಮನೆಗಳು. ಆದರೆ ಒಳಗೆ ಹಾರ್ಮೋನಿಯಮ್ಮಿನಂತೆ ತಿದಿಯೂ ಇಲ್ಲ, ಪೀಪಿಗಳೂ ಇಲ್ಲ. ಒಂದೊಂದು ಮನೆಯ ಕೆಳಗೂ ಒಂದೊಂದು ಟೇಪಿನ ತುಂಡು. ಯಾವನೋ ಪಿಟೀಲು ವಾದಕ ಎಂದೋ ಒಂದು ದಿನ ಧ್ವನಿಗ್ರಾಹಕದ ಮುಂದೆ ಕುಳಿತು ಒಂದು ಸ್ವರವನ್ನು ನುಡಿಸಿರುತ್ತಾನೆ. ಆ ಸ್ವರ ಆ ಟೇಪಿನಲ್ಲಿ ಕೂತಿರುತ್ತದೆ. ಮನೆಯನ್ನು ಒತ್ತಿದರೆ ಟೇಪು ಓಡುತ್ತದೆ, ಪಿಟೀಲು ಕೇಳುತ್ತದೆ. ಸುಮಾರು ಎಂಟು ಸೆಕೆಂಡುಗಳಲ್ಲಿ ಟೇಪು ಮುಗಿಯುತ್ತದೆ. ಬೆರಳು ತೆಗೆದರೆ ಮೊದಲಿನ ಜಾಗಕ್ಕೆ ಹಿಂದಿರುಗುತ್ತದೆ. ಆದ್ದರಿಂದ ಎಂಟು ಸೆಕೆಂಡಿಗಿಂತ ಉದ್ದವಾದ ನಾದ ಬೇಕಾದರೆ, ನುಡಿಸುವವನು ಬೆರಳುಗಳನ್ನು ಒಂದಾದ ಮೇಲೊಂದರಂತೆ ಜರುಗಿಸುತ್ತ, ಒಂದು ಟೇಪು ಮುಗಿಯುವುದರೊಳಗೆ ಇನ್ನೊಂದನ್ನು ಹಿಡಿಯಬೇಕು.

ಮೈಕ್ ಪಿಂಡರ್ ಈ ಕಾರ್ಖಾನೆಯಲ್ಲಿ ಸುಮಾರು ಒಂದೂವರೆ ವರ್ಷ ಕೆಲಸ ಮಾಡಿದ್ದವರು. ಪೆಟ್ಟಿಗೆಯ ಹೊಟ್ಟೆಯೊಳಗೆ ಏನಿದೆಯೆಂದು ಬಲ್ಲವರು. 1967ರಲ್ಲಿ ಡನ್ಲಪ್ ಟೈರು ಕಾರ್ಖಾನೆಯ ನೌಕರರ ಕ್ಲಬ್ಬಿನಲ್ಲಿ ಬಳಕೆಯಿಲ್ಲದೆ ಬಿದ್ದಿದ್ದ ಒಂದು ಮೆಲೊಟ್ರಾನನ್ನು ಅವರು ಕೊಂಡು ತಂದರು. ಅದರ ಎಡಗಡೆಯ ಮನೆಗಳಲ್ಲಿ ನೃತ್ಯಕ್ಕೆ ಹೊಂದುವ ತಾಳದ ಟೇಪುಗಳಿದ್ದುವು. ಪಿಂಡರ್ ಅವನ್ನು ಕಿತ್ತು, ಆ ಜಾಗಕ್ಕೂ ತಂತಿವಾದ್ಯ ಮೊದಲಾದವುಗಳ ಟೇಪುಗಳನ್ನು ಕೂರಿಸಿದರು. ಹೀಗೆ ಐವರ ಮೇಳಕ್ಕೆ, ಒಬ್ಬನೇ ನುಡಿಸಬಲ್ಲ ಒಂದು ವಾದ್ಯವೃಂದ ದೊರೆಯಿತು. ಬ್ರಿಟನ್ನಿನ ಸಂಗೀತಗಾರರ ಸಂಘವು ಈ ಯಂತ್ರವನ್ನು ಕಂಡು ಕಳವಳಗೊಂಡದ್ದು ಸಹಜವೇ. ಒಬ್ಬ ವಾದಕ ಒಂದು ದಿನ ನುಡಿಸಿದ ಸ್ವರ ಅವನಿಗೇ ಎದುರಾಳಿಯಾಗಿ ನಿಂತು, ಮುಂದಿನ ದಿನಗಳ ಕೂಲಿಯನ್ನು ಕಿತ್ತುಕೊಂಡರೆ ಗತಿಯೇನು? ಈ ಪ್ರಶ್ನೆಯನ್ನು ನೆನಪಿನಲ್ಲಿಟ್ಟುಕೊಳ್ಳಿ. ಕಡೆಯಲ್ಲಿ ಮತ್ತೆ ಇದಕ್ಕೆ ಬರಬೇಕಾಗುತ್ತದೆ.

ಇನ್ನು ಧ್ವನಿಮುದ್ರಣ ಕಂಪನಿಯ ವಿಚಾರ. ಡೆಕ್ಕಾ ಕಂಪನಿಯದು ಲಂಡನ್ನಿನ ವೆಸ್ಟ್ ಹ್ಯಾಂಪ್‌ಸ್ಟೆಡ್‌ನಲ್ಲಿ ಒಂದು ಸ್ಟುಡಿಯೋ ಇತ್ತು. 1962ರ ಜನವರಿ 1ರಂದು ಬೀಟಲ್ಸ್ ಮೇಳವು ಪರೀಕ್ಷೆಗಾಗಿ ಹಾಡಿ, ಕಂಪನಿಯಿಂದ ಬೇಡವೆನ್ನಿಸಿಕೊಂಡದ್ದು ಇಲ್ಲಿಯೇ. 1966ರಲ್ಲಿ ಡೆಕ್ಕಾದವರು ‘ಡೆರಾಮ್’ ಎಂಬ ಹೊಸ ಮುದ್ರೆಯನ್ನು ಆರಂಭಿಸಿದರು. ಎರಡು ಧ್ವನಿವರ್ಧಕಗಳಿಂದ ಕೇಳುವ ‘ಸ್ಟೀರಿಯೋ’ ಪದ್ಧತಿ ಆಗ ಮನೆಮನೆಗೆ ಇನ್ನೂ ಬರುತ್ತಿದ್ದ ಕಾಲ. ಹಿಂದಿನ ಹಗುರ ಸಂಗೀತದ ತಟ್ಟೆಗಳಲ್ಲಿ ವಾದ್ಯಗಳನ್ನು ಎಡಕ್ಕೊಂದು, ಬಲಕ್ಕೊಂದು, ನಡುವೆ ಒಂದು ಎಂದು ಗುಂಪು ಮಾಡಿ ನಿಲ್ಲಿಸುತ್ತಿದ್ದರು. ನಾಲ್ಕು ಪಥಗಳ ಎರಡು ಟೇಪು ಯಂತ್ರಗಳನ್ನು ಒಟ್ಟಿಗೆ ಬಳಸಿದರೆ ನಾದವನ್ನು ಇಡೀ ಕೋಣೆಯ ಅಗಲಕ್ಕೂ ಹರಡಬಹುದೆಂದು ಡೆಕ್ಕಾದ ತಂತ್ರಜ್ಞರು ತೋರಿಸಿಕೊಟ್ಟರು. ಅದಕ್ಕೆ ‘ಡೆರಾಮಿಕ್ ಸೌಂಡ್’ ಎಂದು ಹೆಸರಾಯಿತು. ಅದರ ಗುಣವನ್ನು ಕೊಳ್ಳುವವರಿಗೆ ಮನವರಿಕೆ ಮಾಡಿಕೊಡುವಂತಹ ಒಂದು ತಟ್ಟೆ ಬೇಕಾಗಿತ್ತು. ಕಲೆಯ ಚರಿತ್ರೆಯಲ್ಲಿ ವ್ಯಾಪಾರದ ಅಗತ್ಯವು ಬಾಗಿಲು ತೆರೆದುಕೊಟ್ಟ ಉದಾಹರಣೆಗಳು ಬೇಕಾದಷ್ಟಿವೆ. ಇದೂ ಅವುಗಳಲ್ಲಿ ಒಂದು.

ಇಲ್ಲಿ ಒಂದು ಪ್ರಸಿದ್ಧ ಕಥೆ ಬರುತ್ತದೆ. ಕಂಪನಿಯವರು ಮೇಳಕ್ಕೆ ಹೇಳಿದ್ದು, ಜೆಕ್ ದೇಶದ ಡ್ವೋರ್ಜಾಕ್ ರಚಿಸಿದ, 1893ರಲ್ಲಿ ಮೊದಲು ನುಡಿಸಲಾದ ‘ನವಪ್ರಪಂಚ’ ಸಿಂಫನಿಯನ್ನು ರಾಕ್ ಶೈಲಿಯಲ್ಲಿ ನುಡಿಸಿಕೊಡಿ ಎಂದು. ಮೇಳದವರು ಆ ಆಜ್ಞೆಯನ್ನು ಗುಟ್ಟಾಗಿ ಬದಿಗಿಟ್ಟು, ತಮ್ಮ ಹಾಡುಗಳನ್ನೇ ಮುದ್ರಿಸಿಬಿಟ್ಟರಂತೆ. ಮೇಳದವರು ಈ ಕಥೆಯನ್ನು ಹಲವು ವರ್ಷ ಹೇಳಿದ್ದಾರೆ. ಕೇಳುವುದಕ್ಕೆ ಬಲು ಸೊಗಸಾಗಿದೆ. ಆದರೆ ಆ ದಿನಗಳಲ್ಲಿ ಧ್ವನಿಮುದ್ರಣ ಯಂತ್ರಗಳ ಮುಂದೆ ಕುಳಿತಿದ್ದ ಡೆರೆಕ್ ವಾರ್ನಲ್ಸ್ ಇದನ್ನು ಒಪ್ಪುವುದಿಲ್ಲ. ಡ್ವೋರ್ಜಾಕನ ಮಾತು 1967ರಲ್ಲಿ ಎದ್ದೇ ಇರಲಿಲ್ಲ, ಅದು ವರ್ಷಗಳ ಬಳಿಕ ಹುಟ್ಟಿಕೊಂಡ ಮಾತು ಎಂದು ಅವರ ಹೇಳಿಕೆ. ಯಾವುದನ್ನು ನಂಬೋಣ? ಸ್ಟುಡಿಯೋ ಕಂಪನಿಯದು, ಯಂತ್ರ ಕಂಪನಿಯದು, ವಾದ್ಯವೃಂದಕ್ಕೆ ಕೂಲಿ ಕೊಟ್ಟದ್ದೂ ಕಂಪನಿ. ಅಷ್ಟು ಮಂದಿ ವಾದಕರನ್ನು ಒಡೆಯನ ಕಣ್ಣು ತಪ್ಪಿಸಿ ಕೂರಿಸುವುದು ಸುಲಭವಲ್ಲ. ಕಂಪನಿಯ ಅಧಿಕಾರಿ ಹ್ಯೂ ಮೆಂಡಲ್ ಈ ಯೋಜನೆಗೆ ಬೆಂಬಲವಾಗಿ ನಿಂತಿದ್ದರೆಂಬುದೂ ತಿಳಿದ ಸಂಗತಿ. ಆದ್ದರಿಂದ ವಾರ್ನಲ್ಸ್ ಅವರ ಮಾತಿನ ಕಡೆಗೇ ನನ್ನ ಮನಸ್ಸು ವಾಲುತ್ತದೆ.

ಕೆಲಸ ನಡೆದ ಬಗೆಯನ್ನು ನೋಡಿದರಂತೂ ಇದರಲ್ಲಿ ಕದ್ದು ಮಾಡಿದ್ದು ಏನೂ ಕಾಣುವುದಿಲ್ಲ. ಬೆಳಗಿನಿಂದ ಇರುಳಿನವರೆಗಿನ ಒಂದು ದಿನವನ್ನು ಹಾಡುಗಳಲ್ಲಿ ಹೇಳುವ ಯೋಚನೆ ಮೇಳದವರಲ್ಲಿ ಮೊದಲೇ ಇತ್ತು. ಕೆಲವು ಹಾಡುಗಳನ್ನು ಆಗಲೇ ಸಭೆಗಳಲ್ಲಿ ಹಾಡುತ್ತಿದ್ದರು. 1967ರ ಅಕ್ಟೋಬರ್ ತಿಂಗಳಲ್ಲಿ, ಟೋನಿ ಕ್ಲಾರ್ಕ್ ಎಂಬ ನಿರ್ಮಾಪಕರ ಉಸ್ತುವಾರಿಯಲ್ಲಿ, ಐವರೂ ತಮ್ಮ ಹಾಡುಗಳನ್ನು ಒಂದೊಂದಾಗಿ ಮುದ್ರಿಸಿದರು. ಒಂದೊಂದು ಹಾಡು ಮುಗಿದಂತೆ ಅದರ ಪ್ರತಿಯು ಪೀಟರ್ ನೈಟ್ ಎಂಬುವರ ಕೈಗೆ ಹೋಗುತ್ತಿತ್ತು. ನೈಟ್ ಅವರು ವಾದ್ಯವೃಂದಕ್ಕೆ ಸಂಗೀತವನ್ನು ಅಳವಡಿಸಿ ಬರೆಯುವುದರಲ್ಲಿ ನುರಿತವರು. 1917ರಲ್ಲಿ ಹುಟ್ಟಿದ ಅವರಿಗೆ ಆಗ ಐವತ್ತು ವರ್ಷ. ಹಾಡು ಬರೆದವರಿಗೆ ಇಪ್ಪತ್ತರ ಪ್ರಾಯ. ಅವರು ಹಾಡುಗಳ ವರಸೆಯನ್ನು ಕೇಳಿ, ಅದರ ಒಂದೊಂದು ಎಳೆಯನ್ನು ಹಿಡಿದು, ಒಂದು ಹಾಡಿನಿಂದ ಮುಂದಿನ ಹಾಡಿಗೆ ದಾಟಿಸುವ ಸೇತುವೆಗಳನ್ನು ಬರೆದರು. ನವೆಂಬರ್ ಆರಂಭದಲ್ಲಿ ವಾದಕರು ಬಂದು ಆ ಸೇತುವೆಗಳನ್ನು ನುಡಿಸಿದರು. ಅದೇ ತಿಂಗಳಲ್ಲಿ ತಟ್ಟೆ ಅಂಗಡಿಗೆ ಬಂದಿತು.

ಈಗ ನಿಮಗೆ ವಿಷಯ ಸ್ಪಷ್ಟವಾಗಿರಬೇಕು. ಮೇಳವೂ ವಾದ್ಯವೃಂದವೂ ಒಂದೇ ಕೋಣೆಯಲ್ಲಿ ಕೂತು ಒಟ್ಟಿಗೆ ನುಡಿಸಲೇ ಇಲ್ಲ! ಹಾಡು ನಡೆಯುವಾಗ ಹಿಂದಿನಿಂದ ಕೇಳುವ ತಂತಿವಾದ್ಯಗಳು ಬಹುಮಟ್ಟಿಗೆ ಪಿಂಡರ್ ಅವರ ಪೆಟ್ಟಿಗೆಯವು. ಹಾಡು ನಿಂತ ಮೇಲೆ ಕೇಳುವುದು ನಿಜವಾದ ವಾದ್ಯವೃಂದ. ಕೇಳುವವನು ಮಾತ್ರ ಎಲ್ಲವನ್ನೂ ಒಂದೇ ಪ್ರವಾಹವೆಂದು ತಿಳಿಯುತ್ತಾನೆ. ಎರಡು ಪ್ರಪಂಚಗಳು ಕೂಡಿದ್ದು ಸ್ಟುಡಿಯೋವಿನಲ್ಲಲ್ಲ, ಟೇಪನ್ನು ಜೋಡಿಸಿದ ಮೇಜಿನ ಮೇಲೆ, ಆಮೇಲೆ ನಿಮ್ಮ ನಮ್ಮ ಕಿವಿಯೊಳಗೆ.

ಹೀಗೆಂದ ಮಾತ್ರಕ್ಕೆ ಇದು ಮೋಸವೆನ್ನುವುದು ತಪ್ಪಾದೀತು. ತಟ್ಟೆಯನ್ನು ಕೇಳಿ ನೋಡಿ. ಒಟ್ಟು ಸುಮಾರು 41 ನಿಮಿಷ. ಮೊದಲು ವಾದ್ಯವೃಂದವು ಮುಂದೆ ಬರಲಿರುವ ಹಾಡುಗಳ ಮಟ್ಟುಗಳನ್ನು ಸೂಚಿಸಿ ತೆರೆಯನ್ನೆತ್ತುತ್ತದೆ. ಗ್ರೇಮ್ ಎಡ್ಜ್ ಬರೆದ ಕವಿತೆಯೊಂದನ್ನು ಪಿಂಡರ್ ಓದುತ್ತಾರೆ. ಬಳಿಕ ಅರುಣೋದಯ, ಅದು ಪಿಂಡರ್ ಬರೆದ ಹಾಡು. ಮಕ್ಕಳ ಆಟದ ಬೆಳಗು ರೇ ಥಾಮಸ್ ಅವರದು. ನಡುಹಗಲಿನ ಪಟ್ಟಣದ ಗಡಿಬಿಡಿ ಜಾನ್ ಲಾಡ್ಜ್ ಅವರದು. ತಟ್ಟೆಯನ್ನು ಮಗುಚಿ ಹಾಕಿದರೆ ಹೇವರ್ಡ್ ಅವರ ಅಪರಾಹ್ನ, ಆಮೇಲೆ ಸೂರ್ಯಾಸ್ತ, ಸಂಜೆ, ಕೊನೆಗೆ ಇರುಳು. ಐವರೂ ಸಮಭಾಗಿಗಳು. ಪೀಟರ್ ನೈಟ್ ಅವರ ಸೇತುವೆಗಳಲ್ಲಿ ಕೆಲವು ಚಲನಚಿತ್ರದ ಹಿನ್ನೆಲೆ ಸಂಗೀತದಂತೆ ಅತಿ ಮಧುರವಾಗಿವೆಯೆಂಬ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ಅವರು ತರುಣರ ಹಾಡುಗಳನ್ನು ಕೀಳೆಂದು ಬಗೆಯಲಿಲ್ಲ. ಹಾಡಿನಲ್ಲಿ ಇದ್ದುದನ್ನೇ ಬೆಳೆಸಿದರು, ಹೊರಗಿನಿಂದ ತಂದು ಹೇರಲಿಲ್ಲ. ಕೂಡುವುದೆಂದರೆ ಒಟ್ಟಿಗೆ ಕೂರುವುದಷ್ಟೇ ಅಲ್ಲ. ಒಬ್ಬರನ್ನೊಬ್ಬರು ಗಮನವಿಟ್ಟು ಕೇಳುವುದು ಅದಕ್ಕಿಂತ ದೊಡ್ಡದು. ಆ ಅರ್ಥದಲ್ಲಿ ಈ ತಟ್ಟೆಯಲ್ಲಿ ಕೂಟ ನಡೆದೇ ಇದೆ.

ಇರುಳಿನ ಹಾಡು ‘ನೈಟ್ಸ್ ಇನ್ ವೈಟ್ ಸ್ಯಾಟಿನ್’. ಹೇವರ್ಡ್ ಅದನ್ನು ಬರೆದಾಗ ಅವರಿಗೆ ಹತ್ತೊಂಬತ್ತು ವರ್ಷ. ಅದರ ನಡುವೆ ಬರುವ ಕೊಳಲು ನಿಜವಾದ ಕೊಳಲೇ, ಊದಿದವರು ಥಾಮಸ್. ಹಿಂದೆ ನಿಟ್ಟುಸಿರಿನಂತೆ ಎದ್ದು ಬೀಳುವ ತಂತಿವಾದ್ಯಗಳು ಪೆಟ್ಟಿಗೆಯವು. ಕಡೆಯಲ್ಲಿ ನಿಜವಾದ ವಾದ್ಯವೃಂದ ಆ ನಾದವನ್ನು ಕೈಗೆ ತೆಗೆದುಕೊಂಡು ಏರಿಸಿ ನಿಲ್ಲಿಸುತ್ತದೆ. ಎಡ್ಜ್ ಅವರ ಇನ್ನೊಂದು ಕವಿತೆ, ಜಾಗಟೆಯ ಒಂದು ನಾದ, ಅಲ್ಲಿಗೆ ಸಮಾಪ್ತಿ.

ಲೋಕ ಇದನ್ನು ಹೇಗೆ ಬರಮಾಡಿಕೊಂಡಿತು? ತಣ್ಣಗೆ. ಬ್ರಿಟನ್ನಿನ ಪಟ್ಟಿಯಲ್ಲಿ ತಟ್ಟೆಗೆ ದೊರೆತದ್ದು 27ನೆಯ ಸ್ಥಾನ. ‘ನೈಟ್ಸ್ ಇನ್ ವೈಟ್ ಸ್ಯಾಟಿನ್’ ಬಿಡಿ ಹಾಡಾಗಿ 19ನೆಯ ಸ್ಥಾನವನ್ನು ಮುಟ್ಟಿ ಇಳಿಯಿತು. ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆಯ ವಿಮರ್ಶಕರು 1968ರಲ್ಲಿ ಈ ಪ್ರಯೋಗವನ್ನು ಮೆಚ್ಚಲಿಲ್ಲ. ಅದನ್ನು ಎತ್ತಿ ನಿಲ್ಲಿಸಿದ್ದು ರೇಡಿಯೋ. ಅದು ಹೇಗೆಂಬುದು ರೇಡಿಯೋ ಕೇಳುಗರಾದ ನೀವು ತಿಳಿಯತಕ್ಕ ವಿಷಯ.

ಅಮೆರಿಕದಲ್ಲಿ ಬಹುಕಾಲ ಎ.ಎಂ. ನಿಲಯದ ಕಾರ್ಯಕ್ರಮವನ್ನೇ ಅದರ ಮಾಲೀಕರ ಎಫ್.ಎಂ. ನಿಲಯವೂ ಮರುಪ್ರಸಾರ ಮಾಡುತ್ತಿತ್ತು. ಲಕ್ಷಕ್ಕಿಂತ ಹೆಚ್ಚು ಜನರಿರುವ ಊರುಗಳಲ್ಲಿ ಅರ್ಧ ವೇಳೆಗಿಂತ ಹೆಚ್ಚಾಗಿ ಹಾಗೆ ಮಾಡಕೂಡದೆಂದು ಅಲ್ಲಿನ ಸರ್ಕಾರದ ಸಂಪರ್ಕ ಆಯೋಗವು ಕಟ್ಟಳೆ ಮಾಡಿತು. 1967ರ ಹೊತ್ತಿಗೆ ಅದು ಜಾರಿಗೆ ಬಂದಿತು. ಎಫ್.ಎಂ. ನಿಲಯಗಳಿಗೆ ಇದ್ದಕ್ಕಿದ್ದಂತೆ ಗಂಟೆಗಟ್ಟಲೆ ವೇಳೆ ತುಂಬಬೇಕಾಯಿತು. ಮೂರು ನಿಮಿಷದ ಹಾಡು, ಕೂಡಲೆ ಜಾಹೀರಾತು ಎಂಬ ಎ.ಎಂ. ಪದ್ಧತಿ ಅಲ್ಲಿ ಬೇಕಿರಲಿಲ್ಲ. ಏಳು ನಿಮಿಷ ಮೀರಿದ ಹಾಡನ್ನು ಕೂಡ ಪೂರ್ತಿ ಹಾಕುವ ಉದ್ಘೋಷಕರು ರಾತ್ರಿಯ ವೇಳೆ ಅಲ್ಲಿ ಕೂರುತ್ತಿದ್ದರು. ಸ್ಟೀರಿಯೋ ಪ್ರಸಾರವೂ ಎಫ್.ಎಂ.ನಲ್ಲಿ 1961ರಿಂದಲೇ ಇತ್ತು. ಸ್ಟೀರಿಯೋವಿಗಾಗಿಯೇ ಹುಟ್ಟಿದ ತಟ್ಟೆಗೆ ಇದಕ್ಕಿಂತ ಒಳ್ಳೆಯ ಮನೆ ಯಾವುದು? ಕೇಳುಗರು ಮೆಲ್ಲಮೆಲ್ಲನೆ ಕೂಡಿದರು. 1972ರಲ್ಲಿ ‘ನೈಟ್ಸ್ ಇನ್ ವೈಟ್ ಸ್ಯಾಟಿನ್’ ಮತ್ತೆ ಬಿಡಿಯಾಗಿ ಹೊರಬಂದು ಅಮೆರಿಕದಲ್ಲಿ 2ನೆಯ ಸ್ಥಾನಕ್ಕೇರಿತು. ಐದು ವರ್ಷದ ಹಳೆಯ ತಟ್ಟೆ ಅಲ್ಲಿನ ಪಟ್ಟಿಯಲ್ಲಿ 3ನೆಯದಾಯಿತು. ಬ್ರಿಟನ್ನಿನಲ್ಲಿಯೂ ಆ ಹಾಡು ಅದೇ ವರ್ಷ ಹಿಂದಿಗಿಂತ ಮೇಲಕ್ಕೆ, 9ನೆಯ ಸ್ಥಾನಕ್ಕೆ ಬಂದಿತು.

ಈ ಮಧ್ಯೆ ಇತರರೂ ಈ ದಾರಿ ಹಿಡಿದಿದ್ದರು. 1969ರ ಸೆಪ್ಟೆಂಬರ್ 24ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ‘ಡೀಪ್ ಪರ್ಪಲ್’ ಮೇಳವು ರಾಯಲ್ ಫಿಲ್‌ಹಾರ್ಮೊನಿಕ್ ವಾದ್ಯವೃಂದದೊಡನೆ ಒಂದೇ ವೇದಿಕೆಯ ಮೇಲೆ ನುಡಿಸಿತು. ಮೂಡಿ ಬ್ಲೂಸ್‌ಗೆ ಅಂತಹ ದಿನ ಬರಲು ಇನ್ನೂ ಬಹಳ ಕಾಲ ಹಿಡಿಯಿತು. ಮುದ್ರಿಸಿದ್ದೆಲ್ಲ ಶಾಶ್ವತವಲ್ಲವೆಂಬುದೂ ಅಷ್ಟರಲ್ಲಿ ಅವರಿಗೆ ಗೊತ್ತಾಗಿತ್ತು. ಮೂಲ ಟೇಪು ಕೆಟ್ಟಿದ್ದುದರಿಂದ 1978ರಲ್ಲಿ ಇಡೀ ಕೃತಿಯನ್ನು ಬಿಡಿ ಪಥಗಳಿಂದ ಮತ್ತೆ ಮಿಶ್ರಮಾಡಬೇಕಾಯಿತು. ಅನೇಕ ವರ್ಷ ಜನ ಕೇಳಿದ್ದು ಈ ಎರಡನೆಯ ಮಿಶ್ರಣವನ್ನು. ಪಿಂಡರ್ ಮೇಳವನ್ನು ಬಿಟ್ಟದ್ದೂ ಅದೇ ಹೊತ್ತಿನಲ್ಲಿ.

1992ರ ಸೆಪ್ಟೆಂಬರ್ 9ರಂದು, ಅಮೆರಿಕದ ಕೊಲೊರಾಡೋ ಸಂಸ್ಥಾನದಲ್ಲಿ, ಕೆಂಪು ಬಂಡೆಗಳ ನಡುವಿನ ರೆಡ್ ರಾಕ್ಸ್ ಬಯಲು ರಂಗಮಂದಿರದಲ್ಲಿ, ಉಳಿದ ನಾಲ್ವರು ಕೊಲೊರಾಡೋ ಸಿಂಫನಿ ವಾದ್ಯವೃಂದದೊಡನೆ ಹಾಡಲು ನಿಂತರು. ನಿರ್ದೇಶಕರು ಲ್ಯಾರಿ ಬೇರ್ಡ್. ಪೀಟರ್ ನೈಟ್ 1985ರಲ್ಲಿಯೇ ತೀರಿಕೊಂಡಿದ್ದರು. ತಟ್ಟೆ ಹೊರಬಂದ ಇಪ್ಪತ್ತೈದನೆಯ ವರ್ಷದಲ್ಲಿ ಇರುಳಿನ ಹಾಡಿನ ಹಿಂದೆ ಪೆಟ್ಟಿಗೆಯ ಬದಲು ಕಮಾನು ಹಿಡಿದ ಕೈಗಳಿದ್ದುವು. ಕಿವಿ ಹಾಕಿದ್ದ ಲೆಕ್ಕ ಅಂದು ಕಣ್ಣಿಗೂ ಸರಿಹೋಯಿತು. ಮುಂದೆ ಅನೇಕ ಊರುಗಳಲ್ಲಿ ಅವರು ಆಯಾ ಊರಿನ ವಾದ್ಯವೃಂದವನ್ನೇ ಜೊತೆಗೂಡಿಸಿಕೊಂಡು ಹಾಡಿದರು. ಸಂಗೀತಗಾರರಿಗೆ ಕೆಲಸ ತಪ್ಪಿಸೀತೆಂದು ಹೆದರಿದ್ದ ಪೆಟ್ಟಿಗೆಯ ಹಾಡೇ ಹೀಗೆ ನೂರಾರು ಸಂಗೀತಗಾರರಿಗೆ ಸಂಜೆಯ ಕೆಲಸ ಕೊಟ್ಟಿತು.

ಆದರೂ ಒಂದು ಋಣ ಉಳಿದೇ ಇದೆ. 2018ರಲ್ಲಿ ಅಮೆರಿಕದ ರಾಕ್ ಸಂಗೀತದ ಕೀರ್ತಿಮಂದಿರದಲ್ಲಿ ಮೇಳದವರ ಹೆಸರುಗಳು ಸೇರಿದುವು. ಥಾಮಸ್ ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದರು. ಪಿಂಡರ್ 2024ರಲ್ಲಿ ತೀರಿಕೊಂಡರು. ಅವರ ಹೆಸರು ಉಳಿಯಿತು. ‘ಲಂಡನ್ ಫೆಸ್ಟಿವಲ್ ಆರ್ಕೆಸ್ಟ್ರಾ’ ಎಂಬುದಾದರೋ ಡೆಕ್ಕಾ ಕಂಪನಿಯು ಕೂಲಿಗೆ ಕರೆಸಿದ ವಾದಕರ ಗುಂಪಿಗೆ ಇಟ್ಟುಕೊಂಡಿದ್ದ ಹೆಸರು. ಅದರಲ್ಲಿ ಅಂದು ಕುಳಿತವರು ಯಾರು ಯಾರೆಂದು ತಟ್ಟೆಯನ್ನು ಕೇಳಿದವರಿಗೆ ತಿಳಿಯಲಿಲ್ಲ. ಮೆಲೊಟ್ರಾನಿನ ಟೇಪಿಗೆ ಒಂದೊಂದೇ ಸ್ವರವನ್ನು ಎಂಟೆಂಟು ಸೆಕೆಂಡು ನುಡಿಸಿಕೊಟ್ಟವರಂತೂ ಇನ್ನೂ ಮರೆಯಲ್ಲಿದ್ದಾರೆ.

ನಮ್ಮ ಆಕಾಶವಾಣಿಯ ಕಚೇರಿಗಳಲ್ಲಿ ಒಂದು ಒಳ್ಳೆಯ ಪದ್ಧತಿಯುಂಟು. ಹಾಡುಗಾರರ ಹೆಸರಿನ ಬೆನ್ನಿಗೇ ಪಿಟೀಲು ಯಾರು, ಮೃದಂಗ ಯಾರು ಎಂದು ಹೇಳುತ್ತಾರೆ. ಅದು ಬರಿಯ ಶಿಷ್ಟಾಚಾರವೆಂದು ಭಾವಿಸಿ ನಾವು ಅಷ್ಟರಲ್ಲಿ ಕಾಫಿ ತರಲು ಒಳಗೆ ಹೋಗುತ್ತೇವೆ. ಇನ್ನು ಮುಂದೆ ಆ ಎರಡು ನಿಮಿಷ ಕುಳಿತೇ ಕೇಳಿ. ಕಣ್ಣಿಗೆ ಕಾಣದ ಸಂಗೀತದಲ್ಲಿ ನುಡಿಸುವವರಿಗೆ ನಾವು ಸಲ್ಲಿಸಬಹುದಾದ ಮೊದಲ ಮರ್ಯಾದೆ ಅವರ ಹೆಸರು ಕೇಳಿಸಿಕೊಳ್ಳುವುದು.